ಮೇಷ್ಟ್ರ ಬ್ಯಾಲೆಯ ಹತ್ತೊಂಬತ್ತು ಹಾಳೆ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಈ ಗ್ರೂಪಿನಲ್ಲಿ ಯಾರಾದರೂ ಹುಣಸೆಮರ, ಬಿಳಿ ಸೀರೆ, ಕಾಲು ಹಿಂದುಮುಂದು ಎಂದು ಬರೆದರೆ ಕೆಳಗೆ ಹೋಗಿ "ಅವತ್ತು ಊಟಕ್ಕೆ ಏನು ತಿಂದಿದ್ರಿ?" ಎಂದು ಕಾಮೆಂಟು ಹಾಕುವವಳು ನಾನೇ. ಅದಕ್ಕಾಗಿ ಇಬ್ಬರು ಮೂವರು ನನ್ನನ್ನು ಬ್ಲಾಕ್ ಮಾಡಿದ್ದಾರೆ, ಮಾಡಲಿ. ಇವತ್ತು ನೀವೂ ನನಗೆ ಅದನ್ನೇ ಕೇಳಬಹುದು. ಉತ್ತರ ಈಗಲೇ ಕೊಟ್ಟಿರುತ್ತೇನೆ: ಹುರುಳಿಕಾಳು ಸಾರು, ಅರ್ಧ ಮುದ್ದೆ. ಅರ್ಧವೇ ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ. ನಡುರಾತ್ರಿಯೂ ಅಲ್ಲ, ಮಧ್ಯಾಹ್ನ ಮೂರು ಗಂಟೆ, ಮಳೆ ಬಿಟ್ಟು ಹೊಡೆಯುವ ಚುರುಚುರು ಬಿಸಿಲು.

ಎಪ್ಪತ್ತರ ದಶಕದ ಕೊನೆ. ಊರು ದೊಡ್ಡಬಳ್ಳಾಪುರ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಮುಂದೆ ಓದಿಸುವುದೋ ಮದುವೆ ಮಾಡುವುದೋ ಎಂದು ಮನೆಯಲ್ಲಿ ತೀರ್ಮಾನವಾಗದೆ, ಅಪ್ಪನ ಶೆಡ್ಡಿನಲ್ಲಿ ಕೆಲಸ ಮಾಡಿಕೊಂಡಿದ್ದೆ. ಆರು ಪವರ್‌ಲೂಮು ಇದ್ದ ಶೆಡ್ಡು ಅದು. ನಮ್ಮ ಬೀದಿಯಲ್ಲಿ ಹೆಚ್ಚುಕಡಿಮೆ ಮನೆಗೊಂದು ಶೆಡ್ಡು. ಬೆಳಗ್ಗೆ ಶುರುವಾದ ಸದ್ದು ಕತ್ತಲಾದ ಮೇಲೂ ನಿಲ್ಲುತ್ತಿರಲಿಲ್ಲ. ನಾವೆಲ್ಲ ಮಾತಾಡುತ್ತಿದ್ದುದೇ ಕೂಗಿ. ನಮ್ಮ ಬೀದಿಯಿಂದ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆಲ್ಲ ಅತ್ತೆ ಮನೆಯಲ್ಲಿ ಬೀಳುತ್ತಿದ್ದ ಮೊದಲ ಬೈಗುಳ ಒಂದೇ: "ಯಾಕಿಂಗ್ ಕಿರುಚ್ಕೋತೀಯೆ, ನಾವೇನ್ ಕಿವುಡ್ರಾ?"

ಸೀರೆಯ ಸೆರಗಿನಲ್ಲಿ ಹೂವು, ನವಿಲು ಬರಬೇಕಾದರೆ ಮಗ್ಗದ ಮೇಲೆ ಜಕಾರ್ಡ್ ಎಂಬ ಯಂತ್ರ ಕೂರಿಸುತ್ತಾರೆ. ತೂತು ಹೊಡೆದ ಉದ್ದುದ್ದ ರಟ್ಟಿನ ಕಾರ್ಡುಗಳನ್ನು ದಾರದಲ್ಲಿ ಪೋಣಿಸಿ ಅದಕ್ಕೆ ಮಾಲೆಯ ಹಾಗೆ ಹಾಕುತ್ತಾರೆ. ಅಡ್ಡ ಎಳೆ ಹೊತ್ತ ಲಾಳಿ ಒಂದು ಸಲ ಓಡಿದರೆ ಒಂದು ಕಾರ್ಡು ತಿರುಗುತ್ತದೆ. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಪ್ರತಿ ಕಾರ್ಡಿಗೂ ಒಂದು ನಂಬರು, ಒಂದು ಹಿಂದೆಮುಂದೆ ಆದರೂ ನವಿಲಿನ ಕತ್ತು ಸೊಟ್ಟಗಾಗುತ್ತದೆ. ಈ ಕಾರ್ಡುಗಳ ರಿಪೇರಿ ನನ್ನ ಪಾಲಿನ ಕೆಲಸ. ಹರಿದದ್ದರ, ತೇವ ಹೊಡೆದದ್ದರ ಹಿಂದೆ ಗಟ್ಟಿ ಕಾಗದದ ಪಟ್ಟಿ ಅಂಟಿಸಿ, ಒಣಗಿದ ಮೇಲೆ ತೂತುಗಳನ್ನು ಬಿಡಿಸಬೇಕು. ಅಂಟಿಸಲು ಹಳೆಯ ನಕ್ಷೆಗಳು ಬೇಕು, ಅಂದರೆ ಬಳಸಿ ಬಿಟ್ಟ ಡಿಸೈನು ಹಾಳೆಗಳು. ಅವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟಿರುತ್ತಿದ್ದೆವು.

ನಮ್ಮ ಹಿತ್ತಲ ಕೋಣೆಯಲ್ಲಿ ಒಬ್ಬರು ಬಾಡಿಗೆಗಿದ್ದರು. ಎಲ್ಲರೂ ಬ್ಯಾಂಡು ಮೇಷ್ಟ್ರು ಎನ್ನುತ್ತಿದ್ದರು. ಅರಮನೆಯ ಇಂಗ್ಲಿಷ್ ಬ್ಯಾಂಡಿನಲ್ಲಿ ಪಿಟೀಲು ನುಡಿಸಿ, ಅದು ಕರಗಿಹೋದ ಮೇಲೆ ಅಲ್ಲಿ ಇಲ್ಲಿ ಪಾಠ ಹೇಳಿ, ಕೊನೆಗೆ ನಮ್ಮಲ್ಲಿಗೆ ಬಂದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಒಬ್ಬ ತಂಗಿ ಕುಂದಾಣದಲ್ಲಿ. ಕೆಲವು ವರ್ಷಗಳಿಂದ ಕಿವಿ ಮಂದವಾಗುತ್ತಾ ಬಂದಿತ್ತು. ಈ ಗಲಾಟೆಯ ಬೀದಿಯೇ ಯಾಕೆ ಬೇಕಿತ್ತು ಎಂದು ಅಮ್ಮ ಕೇಳಿದ್ದಕ್ಕೆ, "ತಾಯೀ, ಬೇರೆ ಯಾವ ಸದ್ದೂ ನನಗೆ ಕೇಳಿಸೋಲ್ಲ. ಈ ಮಗ್ಗ ಒಂದು ಕೇಳ್ಸುತ್ತೆ. ಅಷ್ಟಾದ್ರೂ ಇರ್ಲಿ ಅಂತ" ಎಂದಿದ್ದರು.

ಅವರು ಜೀವಮಾನದಲ್ಲಿ ಒಂದೇ ಒಂದು ದೊಡ್ಡ ಕೆಲಸ ಮಾಡಿದ್ದರು. ಒಂದು ಬ್ಯಾಲೆಗೆ ಸಂಗೀತ ಬರೆದಿದ್ದರು. ಬ್ಯಾಲೆ ಎಂದರೆ ಮಾತೇ ಇಲ್ಲದ ನಾಟಕ, ಕತೆಯೆಲ್ಲ ಕುಣಿತದಲ್ಲಿ, ಹಿಂದೆ ಐವತ್ತು ಅರವತ್ತು ಜನ ಒಟ್ಟಿಗೆ ವಾದ್ಯ ನುಡಿಸುತ್ತಾರೆ. ಕತೆ ಗ್ರೀಕರ ಪುರಾಣದ್ದು. ಒಬ್ಬಳು ನೇಯುವ ಹುಡುಗಿ, ನೇಯ್ಗೆಯ ದೇವತೆಗಿಂತ ನಾನೇ ಚೆನ್ನಾಗಿ ನೇಯುತ್ತೇನೆ ಎಂದು ಪಂತ ಕಟ್ಟುತ್ತಾಳೆ. ನೇಯ್ದೂ ತೋರಿಸುತ್ತಾಳೆ. ದೇವತೆ ಸಿಟ್ಟಿನಿಂದ ಆ ಬಟ್ಟೆ ಹರಿದುಹಾಕಿ ಅವಳನ್ನು ಜೇಡ ಮಾಡಿಬಿಡುತ್ತಾಳೆ. ಒಂದು ಸಂಜೆ ಕರೆಂಟು ಹೋದಾಗ ಜಗಲಿಯಲ್ಲಿ ಕೂತು ಮೇಷ್ಟ್ರು ಇದನ್ನು ಹೇಳಿದ್ದರು. ನಮ್ಮ ನೇಕಾರ ಮುನಿರಾಜು ಬೀಡಿ ಆರಿಹೋದದ್ದೂ ಗೊತ್ತಾಗದೆ ಕೇಳಿ, "ಅಲ್ಲ ಸ್ವಾಮಿ, ದ್ಯಾವತೆಗೂ ಹೊಟ್ಟೆಕಿಚ್ಚಾ?" ಎಂದ. ಮೇಷ್ಟ್ರು ನಕ್ಕರು. "ಅದ್ ಬುಡಿ, ಆ ಹೆಣ್ಣು ನೇಯ್ದಿದ್ದು ರೇಷ್ಮೇನೋ, ನೂಲೋ?" ಎಂದು ಮತ್ತೆ ಕೇಳಿದ. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ತಮ್ಮನ್ನು ಯಾರೂ ಕೇಳಿರಲಿಲ್ಲ ಎಂದು ಮೇಷ್ಟ್ರು ಬಹಳ ಸಂತೋಷಪಟ್ಟರು.

ಆ ಸಂಗೀತವನ್ನು ಒಮ್ಮೆಯೂ ಯಾರೂ ನುಡಿಸಿರಲಿಲ್ಲ. ಬರೆದು ಮುಗಿಸುವಷ್ಟರಲ್ಲಿ ಬ್ಯಾಂಡಿನಲ್ಲಿ ಜನವೇ ಇರಲಿಲ್ಲವಂತೆ. ಇದ್ದದ್ದು ಒಂದೇ ಕೈಬರಹದ ಪ್ರತಿ. ಆ ವರ್ಷ ಅವರ ಹಳೆಯ ಶಿಷ್ಯರೊಬ್ಬರು ಬೆಂಗಳೂರಿನ ದಂಡು ಪ್ರದೇಶದಲ್ಲಿ ಹದಿನಾಲ್ಕು ಜನ ವಾದ್ಯಗಾರರನ್ನು ಸೇರಿಸಿ, ಒಂದು ಭಾನುವಾರ ನುಡಿಸಿ ತೋರಿಸುತ್ತೇವೆ ಎಂದು ಬರೆದರು. ಮೇಷ್ಟ್ರು ಆ ಕಾಗದ ಹಿಡಿದು ನಮ್ಮ ಅಡುಗೆಮನೆಯವರೆಗೂ ಬಂದುಬಿಟ್ಟಿದ್ದರು. "ಕಿವಿ ಪೂರಾ ಮುಚ್ಚೋದ್ರೊಳಗೆ ಒಂದ್ಸಲ ಕೇಳ್ಬೇಕು ತಾಯೀ. ಒಂದೇ ಸಲ" ಎಂದರು. ಡಾಕ್ಟರು ಹೆಚ್ಚು ದಿನ ಇಲ್ಲ ಎಂದಿದ್ದರು. ಪ್ರಾಣಕ್ಕಲ್ಲ, ಕಿವಿಗೆ.

ಇನ್ನು ನನ್ನ ಘನಕಾರ್ಯ ಕೇಳಿ.

ಮಳೆಗಾಲ. ಹಿತ್ತಲ ಕೋಣೆ ಸೋರುತ್ತಿತ್ತು. ತಂಗಿಗೆ ಹುಷಾರಿಲ್ಲ ಎಂದು ಮೇಷ್ಟ್ರು ಕುಂದಾಣಕ್ಕೆ ಹೊರಟಾಗ, ಆ ಹಾಳೆಗಳ ಗಂಟನ್ನು ಅಮ್ಮನ ಕೈಗೆ ಕೊಟ್ಟು ಹೋದರು. ಅಮ್ಮ ಅದನ್ನು ಬೆಚ್ಚಗಿರಲಿ ಎಂದು ಕಾರ್ಡು ಕೋಣೆಯ ಅಟ್ಟದ ಮೇಲಿಟ್ಟಳು. ನಾನು ಆಗ ನೀರಿಗೆ ಹೋಗಿದ್ದೆ. ನನಗೆ ಹೇಳುವುದನ್ನು ಅಮ್ಮ ಮರೆತಳು. ಎರಡು ದಿನ ಬಿಟ್ಟು ಒಂದು ಮದುವೆ ಸೀರೆಗಳ ಆರ್ಡರು ಬಂತು. ಅದರ ಸೆರಗಿನ ಕಾರ್ಡುಗಳನ್ನು ಇಳಿಸಿ ನೋಡಿದರೆ ಅರವತ್ತೊಂದರಿಂದ ಇನ್ನೂರ ಹನ್ನೆರಡರವರೆಗೆ ತೇವಕ್ಕೆ ಮೆತ್ತಗಾಗಿಬಿಟ್ಟಿವೆ. ಅಪ್ಪ ಕೂಗಾಡಿ, "ಅಟ್ಟದಲ್ಲಿ ಹಳೇ ನಕ್ಷೆ ಅವೆಯಲ್ಲ, ಹಾಕಿ ಅಂಟ್ಸಮ್ಮೀ" ಎಂದರು.

ನಾನು ಕೈಗೆ ಸಿಕ್ಕಿದ ಗಂಟು ಬಿಚ್ಚಿ, ತಳದಿಂದ ಒಂದಷ್ಟು ಹಾಳೆ ಎಳೆದೆ. ಗೆರೆಗಳು, ಗೆರೆಗಳ ಮೇಲೆ ಚುಕ್ಕಿಗಳು. ನಕ್ಷೆ ಎಂದರೂ ಚೌಕಳಿಯ ಮೇಲೆ ಚುಕ್ಕಿಯೇ ತಾನೆ? ಇದರಲ್ಲಿ ಐದೈದೇ ಗೆರೆ, ಯಾವುದೋ ಹಳೇ ಕಾಲದ ಸಣ್ಣ ಅಂಚಿನ ನಕ್ಷೆ ಇರಬೇಕು ಎಂದುಕೊಂಡೆ. ಅನುಮಾನಕ್ಕೆ ಅಪ್ಪನಿಗೂ ತೋರಿಸಿದೆ. ನಮ್ಮವರು ಕಾಗದವನ್ನು ಓದುವುದಿಲ್ಲ. ಬೆಳಕಿಗೆ ಹಿಡಿದು, ಹೆಬ್ಬೆರಳಲ್ಲಿ ತಿಕ್ಕಿ, ದಪ್ಪ ನೋಡುತ್ತಾರೆ. ಅಪ್ಪನೂ ಹಾಗೇ ತಿಕ್ಕಿ ನೋಡಿ, "ಭೇಷಾದ್ ಕಾಗ್ದ, ಈಗೆಲ್ಲಿ ಬತ್ತದೆ ಇಂಥದ್ದು" ಎಂದರು. ಒಂದು ಹಾಳೆಗೆ ಎಂಟು ಪಟ್ಟಿ. ಹತ್ತೊಂಬತ್ತು ಹಾಳೆ ಕತ್ತರಿಸಿದೆ. ಅಂಟಿಸಿದೆ, ಒಣಗಿಸಿದೆ, ತೂತು ಬಿಡಿಸಿದೆ. ಕಾರ್ಡು ಮೂರನೇ ಮಗ್ಗಕ್ಕೆ ಏರಿತು. ಸೆರಗು ಸೊಗಸಾಗಿ ಬರುತ್ತಿದೆ ಎಂದು ಎಲ್ಲರೂ ಹೊಗಳಿದರು ಬೇರೆ.

ಒಂದು ವಾರ ಕಳೆದು ಸೋಮವಾರ ಅಮ್ಮ ರೊಟ್ಟಿ ತಟ್ಟುತ್ತಾ, "ಗುರುವಾರ ಮೇಷ್ಟ್ರು ಬರ್ತಾರಂತೆ. ಅಟ್ಟದ್ ಮೇಲೆ ಅವ್ರ ಗಂಟೈತೆ, ಇಲಿಗಿಲಿ ಮುಟ್ಟವಾ ನೋಡ್ಬಾ" ಎಂದಳು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಸಂಕಟ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಗಂಟು ಬಿಚ್ಚಿ ನೋಡುವುದು, ಕಟ್ಟುವುದು, ಮತ್ತೆ ಬಿಚ್ಚುವುದು. ಹೋದದ್ದು ತಳದ ಹಾಳೆಗಳು, ಅಂದರೆ ಕತೆಯ ಕೊನೆ. ಕಾರ್ಡಿನಿಂದ ಕಿತ್ತು ಜೋಡಿಸೋಣ ಎಂದರೆ ಎಲ್ಲದರ ಮೇಲೂ ತೂತು, ಅಂಟಿಗೆ ಶಾಯಿ ಬೇರೆ ಕಲಸಿಹೋಗಿದೆ. ರಾತ್ರಿ ಎದ್ದು ಎದ್ದು ಹಿತ್ತಲ ಬಾಗಿಲು ನೋಡಿಬರುತ್ತಿದ್ದೆ, ಬಂದೇಬಿಟ್ಟರೇನೋ ಎಂದು. ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿಯುತ್ತಿತ್ತು. ಅಪ್ಪನಿಗೆ ಹೇಳುವ ಧೈರ್ಯವಾಗಲಿಲ್ಲ. ಮುನಿರಾಜುಗೆ ಮಾತ್ರ ಹೇಳಿದೆ.

"ಅಯ್ಯೋ ಸುಮ್ಕಿರಮ್ಮೀ, ಇಲಿ ತಿಂದ್ವು ಅಂದ್ಬುಡು."

"ಲೆಕ್ಕ ಹಾಕ್ದಂಗೆ ಹತ್ತೊಂಬತ್ತು ಹಾಳೆ ತಿಂತವಾ ಇಲಿ?"

"ಓದಿರೋ ಇಲಿ ಅನ್ನು" ಎಂದು ನಗಲು ಹೋಗಿ, ನನ್ನ ಮುಖ ನೋಡಿ ಬೀಡಿ ಹುಡುಕತೊಡಗಿದ.

ಗುರುವಾರ ಮೇಷ್ಟ್ರು ಬಂದರು. ಕುಂದಾಣದಲ್ಲಿದ್ದಾಗಲೇ ಅವರ ಕಿವಿ ಪೂರಾ ಹೋಗಿತ್ತು. ಅಪ್ಪ ಎದುರೇ ನಿಂತು ಕೂಗಿದರೂ ಕೇಳಿಸಲಿಲ್ಲ. ಹಿಂದಿನಿಂದ ಲಾರಿ ಹಾರನ್ ಹೊಡೆದದ್ದು ಗೊತ್ತಾಗದೆ ಬಸ್‌ಸ್ಟ್ಯಾಂಡಿನಲ್ಲಿ ಬೈಸಿಕೊಂಡು ಬಂದಿದ್ದರು. ಅಮ್ಮ ನನ್ನ ತಮ್ಮನ ಸ್ಲೇಟು ತಂದುಕೊಟ್ಟಳು, ಅದರ ಮೇಲೆ ಬರೆದೇ ಮಾತು. "ಮಗ್ಗದ ಸದ್ದು?" ಎಂದು ಅಪ್ಪ ಬರೆದರು. ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದರು. "ಆದ್ರೂ ಭಾನುವಾರ ಹೋಗ್ತೀನಿ. ಅವ್ರ ಕೈ ಓಡೋದು ನೋಡಿದ್ರೂ ನನಗೆ ಗೊತ್ತಾಗುತ್ತೆ. ಎಲ್ಲಮ್ಮಾ, ನನ್ನ ಗಂಟು?" ಎಂದು ನನ್ನನ್ನೇ ಕೇಳಿದರು. ನಾನು "ಆಮೇಲೆ ತರ್ತೀನಿ" ಎಂದು ಬರೆದು ಶೆಡ್ಡಿಗೆ ಓಡಿದೆ.

ಮಧ್ಯಾಹ್ನ ಮೂರು ಗಂಟೆ ಇರಬೇಕು. ಅಪ್ಪ ಹೊರಗೆ ಹೋಗಿದ್ದರು. ಬೇರೆ ನೇಕಾರರು ಇನ್ನೂ ಬಂದಿರಲಿಲ್ಲ, ಊಟ ಮುಗಿಸಿ ಬಂದ ಮುನಿರಾಜು ಒಬ್ಬನೇ ಮೂರನೇ ಮಗ್ಗವನ್ನು ಶುರುಮಾಡಿದ್ದ. ಮೇಷ್ಟ್ರು ಶೆಡ್ಡಿನ ಬಾಗಿಲಿಗೆ ಬಂದರು, ಗಂಟಿಗಾಗಿಯೇ. ನಾನು ಬಾಬಿನು ಸುತ್ತುವಂತೆ ನಟಿಸುತ್ತಾ ತಲೆ ತಗ್ಗಿಸಿ ಕೂತಿದ್ದೆ. ಅವರು ಒಂದು ಹೆಜ್ಜೆ ಒಳಗಿಟ್ಟು ಹಾಗೇ ನಿಂತುಬಿಟ್ಟರು. ಕತ್ತು ವಾರೆ ಮಾಡಿದರು, ದೂರದಲ್ಲಿ ಯಾರೋ ಕರೆದಾಗ ನಾವು ಮಾಡುವ ಹಾಗೆ. ಆಮೇಲೆ ಬಲಗೈ ಮೇಲೆತ್ತಿ ಮೆಲ್ಲಗೆ ಆಡಿಸತೊಡಗಿದರು.

"ಯಾರಮ್ಮಾ ನುಡಿಸ್ತಿರೋದು?" ಎಂದರು.

ಮುನಿರಾಜು ನನ್ನ ಕಡೆ ನೋಡಿದ, ನಾನು ಅವನ ಕಡೆ. ಅಷ್ಟರಲ್ಲಿ ಕರೆಂಟು ಹೋಯಿತು.

ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಹೇಗಿರುತ್ತದೆ ಎಂದು ಹೊರಗಿನವರಿಗೆ ಹೇಳುವುದು ಕಷ್ಟ. ಎಲ್ಲ ಶೆಡ್ಡೂ ಒಟ್ಟಿಗೆ ಗಪ್ ಎನ್ನುತ್ತವೆ. ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಮಗ್ಗ ನಿಂತ ಕೂಡಲೇ ನೇಕಾರ ಯಾವ ನಂಬರಿನ ಕಾರ್ಡಿನಲ್ಲಿ ನಿಂತಿತು ಎಂದು ಮಗ್ಗದ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಕರೆಂಟು ಬಂದಾಗ ಒಂದು ಕಾರ್ಡು ಹಾರಿದರೂ ಸೆರಗು ಕೆಡುತ್ತದಲ್ಲ, ಅದಕ್ಕೆ. ಮುನಿರಾಜು ಎಪ್ಪತ್ತನಾಲ್ಕು ಎಂದು ಬರೆದು, ಬೀಡಿ ತೆಗೆದುಕೊಂಡು ಆಚೆ ಹೋದ. ಬರೆದದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ.

ಮೇಷ್ಟ್ರ ಕೈ ನಿಲ್ಲಲಿಲ್ಲ.

ಮೊದಲು ನನಗೆ ನನ್ನ ಕಿವಿಯೇ ಗುಂಯ್‌ಗುಟ್ಟುತ್ತಿದೆ ಅನ್ನಿಸಿತು. ಮಗ್ಗ ನಿಂತಾಗ ನಮಗೆಲ್ಲ ಹಾಗಾಗುವುದು ಸಾಮಾನ್ಯ. ಆದರೆ ಗುಂಯ್ ಎನ್ನುವುದು ಒಂದೇ ಸಮ ಇರುತ್ತದೆ. ಇದು ಏರುತ್ತಿತ್ತು, ಇಳಿಯುತ್ತಿತ್ತು. ಮಗ್ಗಕ್ಕೆ ಬಿಗಿಯಾಗಿ ಕಟ್ಟಿದ ಉದ್ದನೆಯ ರೇಷ್ಮೆ ಎಳೆಗಳ ಮೇಲೆ ಅಂಗೈ ಎಳೆದರೆ ಒಂದು ಸದ್ದು ಬರುತ್ತದೆ, ಅಂಥದ್ದು ಬಹಳ, ಒಂದರ ಮೇಲೊಂದು. ಅವುಗಳ ಅಡಿಯಲ್ಲಿ ದಪ್ಪನೆಯದು ಏನೋ ನಿಧಾನವಾಗಿ ನಡೆದಾಡುತ್ತಿತ್ತು. ಹೋಟೆಲಿನ ರೇಡಿಯೋ ಬಿಟ್ಟರೆ ನಾನು ಕೇಳಿದ್ದು ಭಜನೆ, ಮದುವೆಯ ಓಲಗ, ಅಷ್ಟೆ. ಇದು ಆ ಯಾವುದರ ಹಾಗೂ ಇರಲಿಲ್ಲ. ಎದ್ದು ಹೋಗಿ ಮಗ್ಗದ ಮೇಲೆ ಕೈಯಿಟ್ಟೆ. ಅಲುಗಾಟವಿಲ್ಲ, ಕಬ್ಬಿಣ ತಣ್ಣಗಿತ್ತು. ತಲೆಯೆತ್ತಿ ನೋಡಿದರೆ ಮೇಲೆ ಕಾರ್ಡುಗಳು ತಿರುಗುತ್ತಿದ್ದವು. ಒಂದಾದ ಮೇಲೊಂದು, ಅವಸರವಿಲ್ಲದೆ, ಮೇಷ್ಟ್ರ ಕೈಗೆ ಸರಿಯಾಗಿ. ಎಳೆ ಒಂದೂ ಏಳಲಿಲ್ಲ. ಲಾಳಿ ಇದ್ದಲ್ಲೇ ಇತ್ತು.

ಓಡಿಹೋಗಬೇಕಿತ್ತು, ಹೋಗಲಿಲ್ಲ. ಧೈರ್ಯ ಎಂದುಕೊಳ್ಳಬೇಡಿ. ಮುಂದೇನು ಬರುತ್ತದೆ ಎಂಬ ಚಡಪಡಿಕೆ, ಅಷ್ಟೇ. ಸೀರೆಯ ತುದಿ ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ನಿಂತಿದ್ದೆ. ಎಷ್ಟು ಹೊತ್ತೋ, ಮೂರು ನಾಲ್ಕು ನಿಮಿಷ ಇರಬಹುದು. ಮೇಷ್ಟ್ರ ಕೈ ಕೆಳಗಿಳಿಯಿತು. ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಹೊರಟುಹೋದರು.

ಕರೆಂಟು ಬಂದಾಗ ಮುನಿರಾಜು ಒಳಗೆ ಬಂದು ಮಗ್ಗ ಶುರುಮಾಡಲು ಹೋಗಿ ತಡೆದು ನಿಂತ. "ಯಾರ್ಲಾ ಇದ್ನ ಮುಟ್ಟಿದ್ದು? ಅಮ್ಮೀ, ನೀನೇನಾರ ತಿರುಗ್ಸಿದ್ಯಾ?" ಕಂಬದ ಮೇಲೆ ಎಪ್ಪತ್ತನಾಲ್ಕು. ಎದುರಿಗಿದ್ದ ಕಾರ್ಡು ಇನ್ನೂರ ಹನ್ನೆರಡು. ನಾನು ಅಂಟಿಸಿದ ಕೊನೆಯ ಕಾರ್ಡು ಅದು. ಬಟ್ಟೆ ಒಂದು ಎಳೆಯಷ್ಟೂ ಮುಂದೆ ಹೋಗಿರಲಿಲ್ಲ. ಕೈಯಲ್ಲಿ ಅಷ್ಟು ಕಾರ್ಡು ತಿರುಗಿಸಬೇಕಾದರೆ ಏಣಿ ಹಾಕಿ ಹತ್ತಬೇಕು. ನಾನು ಇಲ್ಲ ಎಂದೆ. ಅವನು ನನ್ನನ್ನು ನಂಬಲಿಲ್ಲ, ಬಹುಶಃ ಸಾಯುವವರೆಗೂ.

ಆ ಸಂಜೆ ಗಂಟು ತೆಗೆದುಕೊಂಡು ಹಿತ್ತಲ ಕೋಣೆಗೆ ಹೋದೆ. ಸ್ಲೇಟಿನ ಎರಡೂ ಕಡೆ ಬರೆದು, ಒರೆಸಿ ಮತ್ತೆ ಬರೆದು, ನಡೆದದ್ದೆಲ್ಲ ಒಪ್ಪಿಸಿದೆ. ಕಪಾಳಕ್ಕೆ ಬಿಗಿಯುತ್ತಾರೆ ಎಂದುಕೊಂಡಿದ್ದೆ. ಅವರು ಓದಿ ಸ್ಲೇಟನ್ನು ಪಕ್ಕಕ್ಕಿಟ್ಟರು.

"ಆ ಹತ್ತೊಂಬತ್ತು ಹಾಳೆ ಸರಿ ಇರ್ಲಿಲ್ಲ ಕಣಮ್ಮಾ" ಎಂದರು. "ಅವಳು ಜೇಡ ಆಗೋ ಜಾಗ. ಢಂ ಅಂತ ಗುಡುಗು ಬಡಿಸಿ ಮುಗಿಸ್ಬಿಟ್ಟಿದ್ದೆ. ಸುಳ್ಳು ಅದು, ನನಗೇ ಗೊತ್ತಿತ್ತು. ಇವತ್ತು ಕೇಳಿದ್ದು ನಾನು ಬರೆದದ್ದಲ್ಲ. ಗುಡುಗು ಇಲ್ಲವೇ ಇಲ್ಲ. ಅವಳು ನೇಯ್ತಾನೇ ಇರ್ತಾಳೆ." ಆಮೇಲೆ ನನ್ನ ಕೈ ಹಿಡಿದುಕೊಂಡು, "ನಿನಗೂ ಕೇಳ್ಸಿತಾ?" ಎಂದರು. ನಾನು ಹೂಂ ಎಂದು ತಲೆಯಾಡಿಸಿದೆ. ಅವರಿಗೆ ಅಳು ಬಂತು. ನನಗೂ.

ಶುಕ್ರವಾರ, ಶನಿವಾರ ಅವರು ಕೋಣೆಯಿಂದ ಆಚೆ ಬರಲಿಲ್ಲ, ಶೆಡ್ಡಿನಲ್ಲಿ ಕೇಳಿದ್ದನ್ನು ಹೊಸ ಹಾಳೆಗಳ ಮೇಲೆ ಬರೆಯುತ್ತಾ ಕೂತರು. ಅಮ್ಮ ಊಟ ಅಲ್ಲಿಗೇ ಕಳಿಸಿದಳು. ಭಾನುವಾರ ಮೊದಲ ಬಸ್ಸಿಗೆ ಅಪ್ಪ, ನಾನು, ಮೇಷ್ಟ್ರು ಹೊರಟೆವು. ಅವರನ್ನು ಒಬ್ಬರನ್ನೇ ಕಳಿಸುವ ಹಾಗಿರಲಿಲ್ಲ, ನಾನಂತೂ ಬರಲೇಬೇಕು ಎಂದು ಅವರೇ ಹಟ ಹಿಡಿದಿದ್ದರು. ಒಂದು ಇಗರ್ಜಿಯ ಪಕ್ಕದ ಸಭಾಂಗಣ, ಬೆಳಗ್ಗೆಯೆಲ್ಲ ಕೂತು ತಮ್ಮ ತಮ್ಮ ಪಾಲು ನಕಲು ಮಾಡಿಕೊಂಡ ಹದಿನಾಲ್ಕು ಜನ, ಕೇಳುವವರು ನಾವು ಮೂವರು, ಒಬ್ಬ ಕಾವಲುಗಾರ. ಅಪ್ಪ ಹತ್ತು ನಿಮಿಷಕ್ಕೆ ತೂಕಡಿಸತೊಡಗಿದರು. ಮೇಷ್ಟ್ರು ವಾದ್ಯಗಾರರ ಬೆರಳುಗಳನ್ನೇ ನೋಡುತ್ತಾ ಕೂತಿದ್ದರು. ಕೊನೆಯ ಭಾಗ ಬಂದಾಗ ಮಾತ್ರ ಅವರನ್ನು ಬಿಟ್ಟು ನನ್ನ ಮುಖ ನೋಡಲು ಶುರುಮಾಡಿದರು.

ನನಗೆ ಸಂಗೀತ ಗೊತ್ತಿಲ್ಲ, ಇವತ್ತಿಗೂ ಗೊತ್ತಿಲ್ಲ. ಆದರೆ ಅಲ್ಲಿ ಒಂದೊಂದು ಸ್ವರವೂ ಬರುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಮುಗಿದ ಮೇಲೆ ಮೇಷ್ಟ್ರು ನನ್ನ ಭುಜ ಹಿಡಿದು, "ಅದೇನಾ? ನಾವ್ ಕೇಳಿದ್ದು ಅದೇನಾ?" ಎಂದು ಕೇಳಿದರು. ಕಿವುಡರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಅಪ್ಪ ಬೆಚ್ಚಿ ಎದ್ದರು. ನಾನು ಬಾಯಿ ದೊಡ್ಡದಾಗಿ ತೆರೆದು, "ಅದೇ ಮೇಷ್ಟ್ರೇ" ಎಂದೆ.

ಎರಡು ವರ್ಷ ಬಿಟ್ಟು ಮೇಷ್ಟ್ರು ಕುಂದಾಣದಲ್ಲಿ ತೀರಿಕೊಂಡರು. ಹಾಳೆಗಳು ಆ ಶಿಷ್ಯರ ಬಳಿಗೆ ಹೋದವು, ಆಮೇಲೆ ಏನಾದವೋ ಗೊತ್ತಿಲ್ಲ. ನನ್ನ ಮಗ ಇಂಜಿನಿಯರು. ಕಿವುಡರಿಗೆ ನೆಲದ ಅದುರಾಟ ತಿಳಿಯುತ್ತದೆ, ಕಾರ್ಡಿನ ಮಾಲೆ ತನ್ನ ಭಾರಕ್ಕೆ ತಾನೇ ಜಾರಿರಬಹುದು, ನಿನಗೆ ನಿದ್ದೆಗೆಟ್ಟು ಭ್ರಮೆಯಾಗಿತ್ತು ಎನ್ನುತ್ತಾನೆ. ಇರಬಹುದು, ನಾನು ಜಗಳವಾಡುವುದಿಲ್ಲ. ಆದರೆ ಜಾರುವ ಮಾಲೆ ಸರಿಯಾಗಿ ಇನ್ನೂರ ಹನ್ನೆರಡಕ್ಕೇ ಯಾಕೆ ನಿಲ್ಲಬೇಕು? ಭಾನುವಾರದ ಸ್ವರ ನನಗೆ ಮುಂಚೆಯೇ ಹೇಗೆ ಗೊತ್ತಾಯಿತು?

ಇಷ್ಟು ವರ್ಷ ಯಾರಿಗೂ ಹೇಳದಿದ್ದ ಒಂದು ಮಾತಿದೆ, ಅದನ್ನು ಹೇಳಿ ಮುಗಿಸುತ್ತೇನೆ. ಆ ಸಭಾಂಗಣದಲ್ಲಿ ನಾನು ಹೇಳಿದ್ದು ಪೂರ್ತಿ ನಿಜವಲ್ಲ. ಶೆಡ್ಡಿನಲ್ಲಿ ಮೇಷ್ಟ್ರು ಕೈ ಇಳಿಸಿ, ಬೆನ್ನು ತಿರುಗಿಸಿ ಹೋದ ಮೇಲೂ ಅದು ನಿಂತಿರಲಿಲ್ಲ. ಇನ್ನೊಂದಿಷ್ಟು ಇತ್ತು. ಸ್ವರದ ಒಂದೇ ಎಳೆ, ಬಹಳ ಸಣ್ಣದು, ಮೇಲಕ್ಕೆ ಹೋಗಿ ಅಲ್ಲೇ ಉಳಿಯಿತು. ಮುನಿರಾಜು ಕೆಮ್ಮುತ್ತಾ ಒಳಗೆ ಬರುವವರೆಗೂ ಇತ್ತು. ಭಾನುವಾರ ನುಡಿಸಿದ್ದರಲ್ಲಿ ಅದು ಇರಲಿಲ್ಲ. ಮೇಷ್ಟ್ರು ಅದನ್ನು ಕೇಳಿರಲಿಲ್ಲ, ಬರೆದಿರಲಿಲ್ಲ. ಅವರ ಆ ಮುಖ ನೋಡಿ ಇನ್ನೂ ಇದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆ ಚೂರು ಈಗಲೂ ನನ್ನಲ್ಲಿದೆ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ಬರುತ್ತದೆ. ಬಂದರೆ ಕೂತಲ್ಲಿ ಕೂರಲಾಗುವುದಿಲ್ಲ. ಹೋದ ವರ್ಷ ಒಮ್ಮೆ ಫೋನಿನಲ್ಲಿ ಗುನುಗಿ ರೆಕಾರ್ಡ್ ಮಾಡಿದೆ. ಮರುದಿನ ಹಾಕಿ ಕೇಳಿದರೆ ಯಾರೋ ಹೆಂಗಸು ಸುಮ್ಮನೆ ಗುನುಗಿದ ಹಾಗಿತ್ತು, ಅದಲ್ಲ. ಅಳಿಸಿಬಿಟ್ಟೆ. ಬರೆದಿಡೋಣ ಎಂದರೆ ಆ ಐದು ಗೆರೆಗಳ ಮೇಲೆ ಸ್ವರದ ಚುಕ್ಕಿ ಇಡುವುದು ನನಗೆ ಬರುವುದಿಲ್ಲ.